ಕಾಯುವ ಕಾನೂನು, ತೆರವುಗೊಳಿಸುವ ಕಾನೂನು: ಗೋವಾದಲ್ಲಿ ನ್ಯಾಯ ಸುಧಾರಣೆಯ ಸಂಸ್ಥೆಗಳು

ಪೊಲೀಸು, ಅಭಿಯೋಜನೆ, ನ್ಯಾಯಾಲಯ ಮತ್ತು ಸೆರೆಮನೆ ಎಂಬ ನಾಲ್ಕು ಅಂಗಗಳು ಕೂಡಿದ ಅಪರಾಧ ನ್ಯಾಯ ವ್ಯವಸ್ಥೆ ಗೋವಾದಲ್ಲಿ ಇಂದಿನ ರೂಪ ಪಡೆದು ಇನ್ನೂ ಮುಕ್ಕಾಲು ಶತಮಾನವಾಗಿಲ್ಲ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡ ಬಳಿಕ 1962ರ ಕಾನೂನು ನಿಯಮಾವಳಿಯ ಮೂಲಕ ಭಾರತ ದಂಡ ಸಂಹಿತೆ ಮತ್ತು ದಂಡ ಪ್ರಕ್ರಿಯಾ ಸಂಹಿತೆಗಳನ್ನು ಅಲ್ಲಿಗೆ ವಿಸ್ತರಿಸಲಾಯಿತು. ಕೌಟುಂಬಿಕ ವಿಷಯಗಳಲ್ಲಿ ಹಳೆಯ ಪೋರ್ಚುಗೀಸ್ ನಾಗರಿಕ ಸಂಹಿತೆಯೇ ಉಳಿಯಿತು. 1982ರಲ್ಲಿ ಬಾಂಬೆ ಹೈಕೋರ್ಟಿನ ಪೀಠ ಪಣಜಿಗೆ ಬಂದಿತು. 1987ರ ಮೇ 30ರಂದು ಗೋವಾ ರಾಜ್ಯವಾಯಿತು. ಹೀಗೆ ಹೊರಗಿನಿಂದ ಸಿದ್ಧವಾಗಿ ಬಂದ ಸಂಹಿತೆಗಳನ್ನು ಪ್ರವಾಸೋದ್ಯಮ, ಬಂದರು ಮತ್ತು ವಲಸೆ ಕಾರ್ಮಿಕರನ್ನು ನೆಚ್ಚಿಕೊಂಡ ಒಂದು ಕಿರಿಯ ರಾಜ್ಯದ ವಾಸ್ತವಕ್ಕೆ ಹೊಂದಿಸುವ ಕೆಲಸ ಬಹುಮಟ್ಟಿಗೆ ಸರ್ಕಾರಿ ಇಲಾಖೆಗಳಿಂದ ಆಗಲಿಲ್ಲ. ಆ ಕೆಲಸ ಮಾಡಿದವರು ಕೆಲವೇ ವಕೀಲರು, ಪತ್ರಕರ್ತರು, ಸಮಾಜಕಾರ್ಯಕರ್ತರು ಮತ್ತು ಅವರು ಕಟ್ಟಿದ ಸಣ್ಣ ಸಂಸ್ಥೆಗಳು. ಈ ಸಂಸ್ಥೆಗಳ ಚರಿತ್ರೆಯನ್ನು ಒಟ್ಟಾಗಿ ಓದಿದಾಗ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಸಮುದಾಯದ ಸುರಕ್ಷತೆ ಎಂಬುದು ಅಪಾಯಕಾರಿ ಎಂದು ತೋರುವ ವ್ಯಕ್ತಿಯನ್ನು ಊರಿನಿಂದ ದೂರ ಸರಿಸುವುದರಿಂದ ದೊರೆಯುತ್ತದೆಯೋ, ಅಥವಾ ಹಾನಿಗೊಳಗಾದ ವ್ಯಕ್ತಿಯ ಸುತ್ತ ಕಾನೂನಿನ ಕಾವಲು ಕಟ್ಟುವುದರಿಂದಲೋ. ಗೋವಾ ಈ ಎರಡೂ ಉತ್ತರಗಳನ್ನು, ಕೆಲವೊಮ್ಮೆ ಒಂದೇ ವರ್ಷದಲ್ಲಿ, ಕೊಟ್ಟಿದೆ.

ಮೊದಲ ಬಗೆಯ ಉತ್ತರಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ 1989ರ ಡೊಮಿನಿಕ್ ಡಿಸೋಜಾ ಪ್ರಕರಣ. ಅದು ಅಪರಾಧದ ಪ್ರಕರಣವೇ ಅಲ್ಲದಿದ್ದರೂ ಅಪರಾಧ ನ್ಯಾಯದ ಎಲ್ಲ ಸಲಕರಣೆಗಳೂ ಅದರಲ್ಲಿ ಬಳಕೆಯಾದವು ಎಂಬ ಕಾರಣಕ್ಕೆ ಅದನ್ನು ಇಲ್ಲಿ ಸೇರಿಸುವುದು ಅಗತ್ಯ. ನಿಯಮಿತವಾಗಿ ರಕ್ತದಾನ ಮಾಡುತ್ತಿದ್ದ ಈ ಯುವಕನ ರಕ್ತದಲ್ಲಿ ಎಚ್‌ಐವಿ ಸೋಂಕು ಇದೆಯೆಂದು ತಿಳಿದಾಗ, ಗೋವಾ, ದಮನ್ ಮತ್ತು ದಿಯು ಸಾರ್ವಜನಿಕ ಆರೋಗ್ಯ ಕಾಯ್ದೆ, 1985ಕ್ಕೆ ತಂದಿದ್ದ ತಿದ್ದುಪಡಿಯ ಅಧಿಕಾರ ಬಳಸಿ, ಆ ವರ್ಷದ ಫೆಬ್ರುವರಿಯಲ್ಲಿ ಪೊಲೀಸರು ಆತನನ್ನು ಕರೆದೊಯ್ದು ಬಾರ್ದೇಸ್ ತಾಲೂಕಿನ ಅಲ್ಡೋನಾದ ಹಳೆಯ ಕ್ಷಯರೋಗ ಆಸ್ಪತ್ರೆಯ ಕಟ್ಟಡದಲ್ಲಿ ಕಾವಲಿನಲ್ಲಿ ಇರಿಸಿದರು. ಆರೋಪಪಟ್ಟಿ, ವಿಚಾರಣೆ, ಶಿಕ್ಷೆ ಯಾವುದೂ ಇಲ್ಲದ ಈ ಬಂಧನ 64 ದಿನ ನಡೆಯಿತು. ತಾಯಿ ಲೂಸಿ ಡಿಸೋಜಾ ಹೈಕೋರ್ಟಿನ ಮೊರೆಹೊಕ್ಕರು, ವಕೀಲ ಆನಂದ್ ಗ್ರೋವರ್ ವಾದಿಸಿದರು, ಡೊಮಿನಿಕ್ ಹೊರಬಂದರು. ಆದರೆ ಅಂತಿಮ ತೀರ್ಪು, ವ್ಯಕ್ತಿಯ ಹಕ್ಕು ಮತ್ತು ಸಾರ್ವಜನಿಕ ಆರೋಗ್ಯ ಎದುರುಬದುರಾದಾಗ ಎರಡನೆಯದೇ ಮೇಲು ಎಂದು ಪ್ರತ್ಯೇಕವಾಸದ ಅಧಿಕಾರವನ್ನು ಎತ್ತಿಹಿಡಿಯಿತು. ಪ್ರತ್ಯೇಕವಾಸವನ್ನು ಕಡ್ಡಾಯಗೊಳಿಸಿದ್ದ ಕಾನೂನಿನ ಮಾತು ಅಷ್ಟರಲ್ಲಿ ಐಚ್ಛಿಕವಾಗಿ ಮಾರ್ಪಟ್ಟಿತ್ತು ಎಂಬುದಷ್ಟೇ ಹೋರಾಟಕ್ಕೆ ಸಿಕ್ಕ ಗೆಲುವು. ಇಂಥ ಬಂಧನಕ್ಕೆ ದೇಶಮಟ್ಟದಲ್ಲಿ ಕಾನೂನಿನ ತಡೆ ಬಂದದ್ದು 2017ರ ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯ್ದೆಯಲ್ಲಿ, ಅಂದರೆ ಇಪ್ಪತ್ತೆಂಟು ವರ್ಷಗಳ ಅನಂತರ. ಡೊಮಿನಿಕ್ 1992ರ ಮೇ ತಿಂಗಳಲ್ಲಿ ತೀರಿಕೊಂಡರು. ರಂಗಕರ್ಮಿ ಇಸಬೆಲ್ ಡಿ ಸಾಂತಾ ರೀತಾ ವಾಜ್ ಅವರೊಡನೆ ಅವರು ರೂಪಿಸಿದ ‘ಪಾಸಿಟಿವ್ ಪೀಪಲ್’ ಸಂಸ್ಥೆ ಉಳಿಯಿತು.

ಎರಡನೆಯ ಧಾರೆ ಆರಂಭವಾದದ್ದು ದಕ್ಷಿಣ ಗೋವಾದ ಮಡಗಾಂವಿನಲ್ಲಿ. ಅಲ್ಲಿ ಬಡ ಹುಡುಗರಿಗಾಗಿ ಅನಾಥಾಲಯ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಎಂಬಾತನನ್ನು 1991ರ ಏಪ್ರಿಲಿನಲ್ಲಿ ಬಂಧಿಸಿದಾಗ, ಆತನ ವಶದಲ್ಲಿದ್ದ ಎರಡು ಸಾವಿರಕ್ಕೂ ಮಿಕ್ಕ ಛಾಯಾಚಿತ್ರಗಳು ಮತ್ತು ನೆಗೆಟಿವ್‌ಗಳ ಸುರುಳಿಗಳು, ಆಶ್ರಯದ ಹೆಸರಿನಲ್ಲಿ ನಡೆಯುತ್ತಿದ್ದ ಲೈಂಗಿಕ ಶೋಷಣೆಯನ್ನೂ ಅದರಲ್ಲಿ ವಿದೇಶಿ ಪ್ರವಾಸಿಗರ ಪಾಲನ್ನೂ ಹೊರಗೆಡವಿದವು. ಆಗಿನ ದಂಡ ಸಂಹಿತೆಯಲ್ಲಿ ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ ಪ್ರತ್ಯೇಕ ಹೆಸರೇ ಇರಲಿಲ್ಲ. ಬಾಲಕರ ಮೇಲಿನ ದೌರ್ಜನ್ಯ 377ನೆಯ ಕಲಮಿನ ಅಡಿಯಲ್ಲಿಯೇ ಬರಬೇಕಿತ್ತು. ಸಾಕ್ಷಿ ನುಡಿಯಬೇಕಾದ ಹುಡುಗರಿಗೆ ಆರೋಪಿಯೇ ಪೋಷಕನಾಗಿದ್ದ. ಇಂಥ ಸ್ಥಿತಿಯಲ್ಲಿ ಪ್ರಕರಣ ಮೂಲೆ ಸೇರದಂತೆ ಅದರ ಬೆನ್ನು ಹಿಡಿದವರಲ್ಲಿ ಪತ್ರಕರ್ತೆ ಶೀಲಾ ಬರ್ಸೆ ಪ್ರಮುಖರು. ಪೊಲೀಸ್ ಕಸ್ಟಡಿಯಲ್ಲಿ ಮಹಿಳೆಯರಿಗೆ ಪ್ರತ್ಯೇಕ ಲಾಕಪ್ ಮತ್ತು ಮಹಿಳಾ ಕಾವಲು ಇರಬೇಕೆಂಬ 1983ರ ಸುಪ್ರೀಂ ಕೋರ್ಟ್ ಆದೇಶಕ್ಕೂ, ಜೈಲುಗಳಲ್ಲಿದ್ದ ಮಕ್ಕಳ ಬಗೆಗಿನ 1986ರ ಆದೇಶಕ್ಕೂ ಅವರ ಪತ್ರ ಮತ್ತು ಅರ್ಜಿಗಳೇ ಕಾರಣವಾಗಿದ್ದವು. 1996ರ ಮಾರ್ಚಿನಲ್ಲಿ ಮಡಗಾಂವಿನ ಸೆಷನ್ಸ್ ನ್ಯಾಯಾಲಯ ಪೀಟ್ಸ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಮಕ್ಕಳ ವಾಣಿಜ್ಯ ಲೈಂಗಿಕ ಶೋಷಣೆಯ ವಿರುದ್ಧ ಸ್ಟಾಕ್‌ಹೋಮಿನಲ್ಲಿ ಮೊದಲ ಜಾಗತಿಕ ಸಮಾವೇಶ ಸೇರಿತು ಎಂಬುದನ್ನು ನೆನೆದರೆ, ಗೋವಾದ ಈ ತೀರ್ಪು ಆ ಚರ್ಚೆಗಿಂತ ಕೆಲವು ತಿಂಗಳು ಮುಂದೆಯೇ ಇತ್ತು.

ತೀರ್ಪು ಬಂದ ಮೇಲೂ ಪ್ರವಾಸೋದ್ಯಮದ ವಲಯಗಳಲ್ಲಿ ಒಂದು ವಾದ ಬಲವಾಗಿತ್ತು: ಇದು ಒಬ್ಬನ ವಿಕೃತಿ, ಇದನ್ನು ಹೆಚ್ಚು ಹೇಳಿದರೆ ಗೋವಾದ ಹೆಸರು ಕೆಡುತ್ತದೆ. ಈ ವಾದವನ್ನು ಕ್ಷೇತ್ರಕಾರ್ಯದ ದಾಖಲೆಗಳಿಂದ ಎದುರಿಸಿದವರಲ್ಲಿ ಮಕ್ಕಳ ಹಕ್ಕುಗಳ ಕಾರ್ಯಕರ್ತೆ ನಿಷ್ಠಾ ದೇಸಾಯಿ ಒಬ್ಬರು. ಪ್ರವಾಸೋದ್ಯಮಕ್ಕೆ ಸಂಬಂಧಿಸಿದ ಮಕ್ಕಳ ಶೋಷಣೆಯ ಕುರಿತ ಅವರ ಪುಸ್ತಕ 2001ರಲ್ಲಿ ಹೊರಬಂದಿತು. 1985ರಿಂದ ಪ್ರವಾಸೋದ್ಯಮದ ಸಾಮಾಜಿಕ ಪರಿಣಾಮಗಳನ್ನು ಅಭ್ಯಸಿಸುತ್ತಿದ್ದ ಬೆಂಗಳೂರಿನ ‘ಇಕ್ವೇಷನ್ಸ್’ ಸಂಸ್ಥೆಯೂ ಈ ಪ್ರಶ್ನೆಯನ್ನು ಎತ್ತಿಕೊಂಡಿತ್ತು. 1986ರಲ್ಲಿ ಹುಟ್ಟಿದ ‘ಬಾಯ್ಲಾಂಚೊ ಸಾದ್’ ಎಂಬ ಮಹಿಳಾ ಒಕ್ಕೂಟ, ಸಬೀನಾ ಮಾರ್ಟಿನ್ಸ್ ಅವರಂಥ ಕಾರ್ಯಕರ್ತೆಯರು, ವಕೀಲೆ ಆಲ್ಬರ್ಟಿನಾ ಆಲ್ಮೇಡಾ ಅವರಂಥ ಕಾನೂನು ಬಲ್ಲವರು ಪೊಲೀಸು ಮತ್ತು ನ್ಯಾಯಾಲಯಗಳ ನಡೆಯನ್ನು ಸತತವಾಗಿ ಪ್ರಶ್ನಿಸುತ್ತ ಬಂದುದರಿಂದ ಸಾರ್ವಜನಿಕ ಅಭಿಪ್ರಾಯದ ನೆಲ ಹದಗೊಂಡಿತ್ತು.

ಈ ಒತ್ತಡದ ಫಲವೇ ಗೋವಾ ಮಕ್ಕಳ ಕಾಯ್ದೆ, 2003. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣೆಗಾಗಿ ಕೇಂದ್ರ ಸರ್ಕಾರ ತಂದ, ‘ಪೋಕ್ಸೊ’ ಎಂದು ಜನ ಗುರುತಿಸುವ 2012ರ ಕಾಯ್ದೆಗಿಂತ ಇದು ಒಂಬತ್ತು ವರ್ಷ ಹಿರಿಯದು. ಹದಿನೆಂಟು ವರ್ಷದೊಳಗಿನ ಹುಡುಗ ಹುಡುಗಿಯರಿಬ್ಬರನ್ನೂ ಒಳಗೊಳ್ಳುವಂತೆ ಲೈಂಗಿಕ ದೌರ್ಜನ್ಯವನ್ನು ಅದು ದರ್ಜೆಗಳಾಗಿ ವಿಂಗಡಿಸಿ ವ್ಯಾಖ್ಯಾನಿಸಿತು. ಹೋಟೆಲಿನ ಆವರಣದಲ್ಲಿಯೂ ಅದಕ್ಕೆ ಹೊಂದಿದ ಕಡಲತಡಿಯಲ್ಲಿಯೂ ಮಗುವಿನ ಸುರಕ್ಷತೆಗೆ ಮಾಲೀಕ ಮತ್ತು ವ್ಯವಸ್ಥಾಪಕರೇ ಹೊಣೆ ಎಂದಿತು. ಕುಟುಂಬದವರ ಜೊತೆಗೆ ನೋಂದಾಯಿಸದ ಮಗುವಿಗೆ ಹೋಟೆಲ್ ಕೋಣೆಯ ಪ್ರವೇಶ ನಿಷೇಧಿಸಿತು. ಮಕ್ಕಳ ಅಶ್ಲೀಲ ಚಿತ್ರಗಳಿರುವ ಫಿಲ್ಮು ತೊಳೆಯಲು ಬಂದರೆ ಪೊಲೀಸರಿಗೆ ತಿಳಿಸುವ ಕರ್ತವ್ಯವನ್ನು ಫೋಟೊ ಸ್ಟುಡಿಯೋಗಳ ಮೇಲೆ ಹೊರಿಸಿತು. ಕೊನೆಯ ಈ ಕಲಮು ಪೀಟ್ಸ್‌ನ ನೆಗೆಟಿವ್‌ಗಳ ನೆನಪಿನಲ್ಲಿ ಹುಟ್ಟಿದ್ದು ಸ್ಪಷ್ಟ; ಆದರೆ ಕಾಯ್ದೆ ಜಾರಿಯಾದ ಕೆಲವೇ ವರ್ಷಗಳಲ್ಲಿ ಡಿಜಿಟಲ್ ಕ್ಯಾಮೆರಾ ಬಂದು ಫಿಲ್ಮು ತೊಳೆಯುವ ಸ್ಟುಡಿಯೋಗಳೇ ಮುಚ್ಚತೊಡಗಿದವು, ಆ ಕಲಮು ಕಾವಲುಗಾರನಿಲ್ಲದ ಗೇಟಿನಂತಾಯಿತು. ಹಿಂದಿನ ಅಪರಾಧದ ಅಚ್ಚಿನಲ್ಲಿ ಮುಂದಿನ ಅಪರಾಧವನ್ನು ತಡೆಯುವ ಕಾನೂನು ರಚಿಸುವುದರ ಮಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಬಾಲಕಿಯರನ್ನು ದೇವದಾಸಿಯಾಗಿ ಅರ್ಪಿಸುವುದನ್ನೂ ಈ ಕಾಯ್ದೆ ನಿಷೇಧಿಸಿತು ಎಂಬ ಸಂಗತಿ ಕರ್ನಾಟಕದ ಓದುಗರ ಗಮನಕ್ಕೆ ಬರುವುದು ಕಡಿಮೆ. ಕರ್ನಾಟಕ ಸ್ವತಃ ಅಂಥ ನಿಷೇಧವನ್ನು 1982ರ ಕಾಯ್ದೆಯಲ್ಲಿ ತಂದಿತ್ತು.

ಕಾಯ್ದೆಯ 27ನೆಯ ಕಲಮಿನ ಅಡಿಯಲ್ಲಿ ಪಣಜಿಯಲ್ಲಿ ಸ್ಥಾಪನೆಯಾದ ಮಕ್ಕಳ ನ್ಯಾಯಾಲಯ, ಮಕ್ಕಳ ಮೇಲಿನ ಅಪರಾಧಗಳ ವಿಚಾರಣೆಗೆಂದೇ ಮೀಸಲಾದ ನ್ಯಾಯಾಲಯಗಳಲ್ಲಿ ದೇಶದಲ್ಲೇ ಮೊದಲ ಸಾಲಿನದು. ಬಾಲನ್ಯಾಯ ಮಂಡಳಿ ಕಾನೂನಿನೊಡನೆ ಸಂಘರ್ಷಕ್ಕೆ ಬಂದ ಮಗುವಿನ ವಿಚಾರಣೆ ಮಾಡಿದರೆ, ಈ ನ್ಯಾಯಾಲಯ ಮಗುವಿಗೆ ಹಾನಿ ಮಾಡಿದ ವಯಸ್ಕನ ವಿಚಾರಣೆ ಮಾಡುತ್ತದೆ. ಮಗು ಮತ್ತೆ ಮತ್ತೆ ಕಟಕಟೆಗೆ ಬರುವುದನ್ನು ತಪ್ಪಿಸುವುದು, ಅದರ ಗುರುತು ಮತ್ತು ಘನತೆಯನ್ನು ಕಾಯುವುದು, ಬೆದರಿಸುವ ಪಾಟೀಸವಾಲಿಗೆ ಅದು ಗುರಿಯಾಗದಂತೆ ನೋಡಿಕೊಳ್ಳುವುದು ಇಲ್ಲಿಯ ನಡಾವಳಿಯ ಭಾಗವಾದವು. ಆದರೆ ಕಾಯ್ದೆಯ ‘ಮಕ್ಕಳ ದೌರ್ಜನ್ಯ’ ಎಂಬ ವ್ಯಾಖ್ಯೆ ಎಷ್ಟು ವಿಶಾಲವಾಗಿತ್ತೆಂದರೆ ನೆರೆಹೊರೆಯವರ ಜಗಳದಲ್ಲಿ ಹುಡುಗನಿಗೆ ಬಿದ್ದ ಏಟೂ ಅದೇ ನ್ಯಾಯಾಲಯದ ಬಾಗಿಲಿಗೆ ಬಂದಿತು. ಕೇಡಿನ ಉದ್ದೇಶವಿಲ್ಲದ ಒಂಟಿ ಏಟು ಈ ಕಾಯ್ದೆಯ ಅರ್ಥದಲ್ಲಿ ದೌರ್ಜನ್ಯವಾಗದು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಬೇಕಾಯಿತು. ಮಕ್ಕಳ ಹಿತಕ್ಕಾಗಿ ಬಲೆಯನ್ನು ಅಗಲವಾಗಿ ಬೀಸಿದವರ ಆಶಯದಲ್ಲಿ ತಪ್ಪಿರಲಿಲ್ಲ. ಒಂದೇ ನ್ಯಾಯಾಲಯದ ಸಮಯಕ್ಕೆ ಮಿತಿ ಇದೆ ಎಂಬ ಲೆಕ್ಕವನ್ನು ಅವರು ಹಿಡಿದಿರಲಿಲ್ಲ.

ಈ ನ್ಯಾಯಾಲಯ ಹೊರಗಿನ ಜಗತ್ತಿಗೆ ಪರಿಚಯವಾದದ್ದು 2008ರ ಫೆಬ್ರುವರಿಯಲ್ಲಿ ಅಂಜುಣಾ ಕಡಲತಡಿಯಲ್ಲಿ ಶವವಾಗಿ ಸಿಕ್ಕ ಹದಿನೈದು ವರ್ಷದ ಬ್ರಿಟಿಷ್ ಬಾಲಕಿಯ ಪ್ರಕರಣದಿಂದ. ಆರಂಭದಲ್ಲಿ ಪೊಲೀಸರು ಮುಳುಗಿ ಸತ್ತಿರುವುದಾಗಿ ಹೇಳಿದ್ದನ್ನು ತಾಯಿ ಒಪ್ಪದೆ ಎರಡನೆಯ ಮರಣೋತ್ತರ ಪರೀಕ್ಷೆಗೆ ಪಟ್ಟುಹಿಡಿದರು; ತನಿಖೆ ಸಿಬಿಐಗೆ ಹೋಯಿತು; 2016ರಲ್ಲಿ ಮಕ್ಕಳ ನ್ಯಾಯಾಲಯ ಇಬ್ಬರು ಆರೋಪಿಗಳನ್ನೂ ಬಿಡುಗಡೆ ಮಾಡಿತು; 2019ರ ಜುಲೈಯಲ್ಲಿ ಹೈಕೋರ್ಟ್ ಅವರಲ್ಲಿ ಒಬ್ಬನ ಬಿಡುಗಡೆಯನ್ನು ರದ್ದುಪಡಿಸಿ ಹತ್ತು ವರ್ಷದ ಕಠಿಣ ಶಿಕ್ಷೆ ವಿಧಿಸಿತು. ಮಕ್ಕಳಿಗಾಗಿಯೇ ರೂಪಿಸಿದ ನ್ಯಾಯಾಲಯದಲ್ಲಿಯೂ ಒಂದು ಪ್ರಕರಣ ಇಷ್ಟು ವರ್ಷ ಹಿಡಿದದ್ದಕ್ಕೆ ಮುಖ್ಯ ಕಾರಣವನ್ನು ಮೊದಲ ದಿನಗಳ ತನಿಖೆಯಲ್ಲಿ ಹುಡುಕಬೇಕು, ನ್ಯಾಯಾಲಯದ ರಚನೆಯಲ್ಲಿ ಅಲ್ಲ.

ಮಕ್ಕಳ ಕಾಯ್ದೆ ಬಂದ ವರ್ಷವೇ, ಅಂದರೆ 2003ರಲ್ಲಿ, ಹೈಕೋರ್ಟಿನ ಗೋವಾ ಪೀಠ ವಾಸ್ಕೊ ಪಟ್ಟಣದ ಬೈನಾ ಪ್ರದೇಶದ ವೇಶ್ಯಾವಾಟಿಕೆಯನ್ನು ತೆರವುಗೊಳಿಸಿ ಅಲ್ಲಿಯ ಮಹಿಳೆಯರಿಗೆ ಪುನರ್ವಸತಿ ಕಲ್ಪಿಸಬೇಕೆಂದು ಆದೇಶಿಸಿತು. ಬೈನಾದ ಚರಿತ್ರೆಯನ್ನು ಕರ್ನಾಟಕದ ಚರಿತ್ರೆಯಿಂದ ಬೇರ್ಪಡಿಸಲಾಗದು. ಮುರ್ಗಾಂವ್ ಬಂದರನ್ನು ಲೋಂಡಾ ಮಾರ್ಗವಾಗಿ ಹುಬ್ಬಳ್ಳಿ ಧಾರವಾಡಗಳೊಂದಿಗೆ ಜೋಡಿಸಿದ ರೈಲು ಹಳಿ 1880ರ ದಶಕದ ಕೊನೆಯಿಂದಲೇ ಇತ್ತು. ವಿಮೋಚನೆಯ ಅನಂತರ ಅದಿರು ಸಾಗಣೆ, ಬಂದರು, ಕಟ್ಟಡ ಕೆಲಸ ಮತ್ತು ಕಾರ್ಖಾನೆಗಳು ಬೆಳೆದಂತೆ ಉತ್ತರ ಕರ್ನಾಟಕದ ಬರಪೀಡಿತ ತಾಲೂಕುಗಳ ಕುಟುಂಬಗಳು ಇದೇ ದಾರಿಯಲ್ಲಿ ಬಂದು ಬೈನಾ, ಜುವಾರಿನಗರಗಳಲ್ಲಿ ನೆಲೆಸಿದವು. ಕಡಲತಡಿಯ ಗುಡಿಸಲುಗಳ ಸಾಲಿನಲ್ಲಿ ಕೂಲಿಕಾರರ ಮನೆಗಳೂ ವೇಶ್ಯಾವೃತ್ತಿಯ ಗೂಡುಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಗೂಡುಗಳಲ್ಲಿದ್ದ ಮಹಿಳೆಯರಲ್ಲಿ ದೊಡ್ಡ ಪಾಲು ಕರ್ನಾಟಕ ಮತ್ತು ಆಂಧ್ರದ ಹಳ್ಳಿಗಳವರು. ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಡೆಯಿಂದ ದೇವದಾಸಿ ಪದ್ಧತಿಯ ದಾರಿಯಲ್ಲಿ ಬಂದವರೂ ಅವರಲ್ಲಿದ್ದರು. ಕರ್ನಾಟಕ ಸರ್ಕಾರ 1993-94 ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳು ಸೇರಿ ಗುರುತಿಸಿದ ದೇವದಾಸಿಯರ ಸಂಖ್ಯೆ 46,660. ಬೈನಾದ ಸಮಸ್ಯೆಯನ್ನು ಗೋವಾದ ಶಾಂತಿಭಂಗದ ಸಮಸ್ಯೆಯೆಂದು ಮಾತ್ರ ನೋಡಿದವರು ಈ ಸಂಖ್ಯೆಯತ್ತ ನೋಡಲಿಲ್ಲ.

ಇಲ್ಲಿ ಅನ್ವಯವಾಗುತ್ತಿದ್ದ ಕಾನೂನು 1956ರಲ್ಲಿ ಬಂದು 1986ರ ತಿದ್ದುಪಡಿಯಲ್ಲಿ ಹೊಸ ಹೆಸರು ಪಡೆದ ಅನೈತಿಕ ವ್ಯವಹಾರ (ತಡೆ) ಕಾಯ್ದೆ. ಈ ಕಾಯ್ದೆ ವೇಶ್ಯಾವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ; ವೇಶ್ಯಾಗೃಹ ನಡೆಸುವುದು, ಅದರ ಗಳಿಕೆಯಲ್ಲಿ ಬದುಕುವುದು, ಮಹಿಳೆಯನ್ನು ಆ ವೃತ್ತಿಗೆ ತರುವುದು ಅಪರಾಧಗಳು. ಆದರೆ ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಯನ್ನು ಕರೆದಳೆಂದು ಮಹಿಳೆಯನ್ನೇ ಶಿಕ್ಷಿಸುವ 8ನೆಯ ಕಲಮೂ, ಆಕೆಯನ್ನು ಒಂದು ಪ್ರದೇಶದಿಂದ ಹೊರಗಟ್ಟಲು ದಂಡಾಧಿಕಾರಿಗೆ ಅಧಿಕಾರ ಕೊಡುವ 20ನೆಯ ಕಲಮೂ ಅದರಲ್ಲಿವೆ. ಹೀಗೆ ಒಂದೇ ಕಾಯ್ದೆಯೊಳಗೆ ಮಹಿಳೆ ಒಂದು ಪುಟದಲ್ಲಿ ಸಂತ್ರಸ್ತೆ, ಇನ್ನೊಂದು ಪುಟದಲ್ಲಿ ಆರೋಪಿ. ಯಾವ ಪುಟ ತೆರೆಯಬೇಕೆಂಬುದು ದಾಳಿಗೆ ಬಂದ ಅಧಿಕಾರಿಯ ಮನೋಧರ್ಮಕ್ಕೆ ಬಿಟ್ಟದ್ದು.

2004ರ ಜೂನ್ ತಿಂಗಳಲ್ಲಿ, ಮಳೆಗಾಲ ಶುರುವಾಗಿದ್ದಾಗ, ಬುಲ್‌ಡೋಜರುಗಳು ಬೈನಾದ ಸಾಲುಗಳನ್ನು ನೆಲಸಮ ಮಾಡಿದವು. ಪುನರ್ವಸತಿ ಆದೇಶದ ಅರ್ಧಭಾಗವಾಗಿತ್ತು. ಕಾರ್ಯರೂಪಕ್ಕೆ ಬಂದದ್ದು ಇನ್ನರ್ಧ. ಮಹಿಳೆಯರಲ್ಲಿ ಕೆಲವರು ಊರಿಗೆ ಮರಳಿದರು, ಉಳಿದವರು ಗೋವಾದ ಉದ್ದಗಲಕ್ಕೆ ಚದುರಿದರು, ವ್ಯವಹಾರ ಲಾಡ್ಜುಗಳಿಗೂ ಬಾಡಿಗೆ ಫ್ಲ್ಯಾಟುಗಳಿಗೂ ಮುಂದೆ ಮಸಾಜ್ ಪಾರ್ಲರುಗಳಿಗೂ ಸರಿಯಿತು. ಒಂದೆಡೆ ಕಣ್ಣಿಗೆ ಕಾಣುತ್ತಿದ್ದುದು ಅನೇಕ ಕಡೆ ಕಣ್ಮರೆಯಾದಾಗ ಮಧ್ಯವರ್ತಿಗಳ ಹಿಡಿತ ಬಿಗಿಯಾಯಿತು, ಆರೋಗ್ಯ ಕಾರ್ಯಕರ್ತರ ಸಂಪರ್ಕ ಕಡಿಯಿತು. ಮಗುವನ್ನು ಕಾಯಲು ನ್ಯಾಯಾಲಯವನ್ನೇ ಕಟ್ಟಿಕೊಂಡ ರಾಜ್ಯ ಬೈನಾದ ಮಹಿಳೆಗೆ ಬುಲ್‌ಡೋಜರನ್ನು ಕಳಿಸಿದ್ದಕ್ಕೆ ಕಾನೂನಿನಲ್ಲಿ ಕಾರಣ ಹುಡುಕಿದರೆ ಸಿಗದು. ಮಗುವನ್ನು ಗೋವಾ ತನ್ನದೆಂದು ಭಾವಿಸಿತು. ಬೈನಾದ ಮಹಿಳೆಯನ್ನು, ಆಕೆ ಕನ್ನಡವನ್ನೋ ತೆಲುಗನ್ನೋ ಆಡುತ್ತಿದ್ದುದರಿಂದ, ಹೊರಗಿನವಳೆಂದು ಭಾವಿಸಿತು. ಡೊಮಿನಿಕ್‌ನನ್ನು ಅಲ್ಡೋನಾಕ್ಕೆ ಒಯ್ದ ತರ್ಕವೇ ಇಲ್ಲಿ ಹೆಚ್ಚು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿತು.

ಈ ನೆಲಸಮಕ್ಕೆ ಮುಂಚೆಯೂ ಅನಂತರವೂ ಬೈನಾದ ಮಹಿಳೆಯರೊಡನೆ ಉಳಿದ ಸಂಸ್ಥೆಗಳಲ್ಲಿ ‘ಅರ್ಜ್’ ಎಂಬ ಕಿರುಹೆಸರಿನ ‘ಅನ್ಯಾಯ ರಹಿತ ಜಿಂದಗಿ’ಯ ಪಾತ್ರ ದೊಡ್ಡದು. ಸಮಾಜಕಾರ್ಯದ ತರಬೇತಿ ಪಡೆದ ಅರುಣ್ ಪಾಂಡೆ ಮತ್ತು ಸಂಗಡಿಗರು 1990ರ ದಶಕದ ಕೊನೆಯ ಭಾಗದಲ್ಲಿ ಬೈನಾದಲ್ಲಿ ಆರಂಭಿಸಿದ ಈ ಕೆಲಸ ಮೊದಲಿಗೆ ಮಕ್ಕಳ ಶಿಕ್ಷಣ, ಆರೋಗ್ಯ ಮತ್ತು ದಾಖಲೆಪತ್ರಗಳ ಸುತ್ತ ಇತ್ತು. ನೆಲಸಮದ ಬಳಿಕ ಅದು ಅಪರಾಧ ನ್ಯಾಯದ ಒಳಹೊಕ್ಕಿತು. ದಾಳಿಯ ಹೊತ್ತಿನಲ್ಲಿ ಪೊಲೀಸರ ಜೊತೆ ಸಮಾಜಕಾರ್ಯಕರ್ತೆ ಇರುವಂತೆ ನೋಡಿಕೊಳ್ಳುವುದು, ರಕ್ಷಿತ ಮಹಿಳೆಯನ್ನು ಠಾಣೆಯ ಬೆಂಚಿನ ಮೇಲೆ ರಾತ್ರಿ ಕೂರಿಸದೆ ರಕ್ಷಣಾಗೃಹಕ್ಕೆ ಸೇರಿಸುವುದು, ಆಕೆಯ ಮೇಲೆ 8ನೆಯ ಕಲಮಿನ ಮೊಕದ್ದಮೆ ಬೀಳದಂತೆ ತಡೆಯುವುದು, ಸಾಕ್ಷ್ಯದ ದಿನದವರೆಗೆ ಆಕೆಯ ಸಂಪರ್ಕ ಉಳಿಸಿಕೊಳ್ಳುವುದು: ಸುದ್ದಿಯಾಗದ ಇಂಥ ಸಣ್ಣ ಕೆಲಸಗಳಲ್ಲಿಯೇ ಸುಧಾರಣೆ ನಡೆಯಿತು. ಪಂಚಾಯತಿಗಳಿಗೆ, ಟ್ಯಾಕ್ಸಿ ಚಾಲಕರಿಗೆ, ಹೋಟೆಲ್ ಸಿಬ್ಬಂದಿಗೆ ಮಾನವ ಸಾಗಣೆಯ ಲಕ್ಷಣಗಳನ್ನು ತಿಳಿಸುವ ತರಬೇತಿಗಳೂ ನಡೆದವು. ಸಮುದಾಯದ ಸುರಕ್ಷತೆಗೆ ಸಮುದಾಯವೇ ಹೊಣೆಗಾರನಾಗುವ ಬಗೆ ಇದು.

ಸಂಸ್ಥೆಯ ಕೆಲಸದಲ್ಲಿ ಹೆಚ್ಚು ಗಮನಾರ್ಹವಾದುದು ‘ಸ್ವಿಫ್ಟ್ ವಾಶ್’ ಎಂಬ ಯಾಂತ್ರಿಕ ಲಾಂಡ್ರಿ. ಪುನರ್ವಸತಿ ಎಂದರೆ ಹೊಲಿಗೆ ಯಂತ್ರ, ಉಪ್ಪಿನಕಾಯಿ, ಅಗರಬತ್ತಿ ಎಂಬ ಸರ್ಕಾರಿ ಕಲ್ಪನೆ ಯಾವ ಮಹಿಳೆಗೂ ತಿಂಗಳ ಖರ್ಚಿನಷ್ಟು ಗಳಿಕೆ ತಂದುಕೊಡದು ಎಂಬುದನ್ನು ಅರಿತು, ಗೋವಾದ ಹೋಟೆಲುಗಳಿಗೂ ಉದ್ಯಮಗಳಿಗೂ ನಿತ್ಯ ಬೇಕಾದ ಬಟ್ಟೆ ತೊಳೆಯುವ ಸೇವೆಯನ್ನೇ ಉದ್ಯೋಗವಾಗಿಸಲಾಯಿತು. ವೇಳೆಗೆ ಸರಿಯಾಗಿ ಬರುವುದು, ಪಾಳಿಯಲ್ಲಿ ಕೆಲಸ ಮಾಡುವುದು, ಬ್ಯಾಂಕಿನ ಮೂಲಕ ಸಂಬಳ ಪಡೆಯುವುದು ಹೊಸದಾಗಿದ್ದವರಿಗೆ ಅದು ಕಾರ್ಖಾನೆಯೂ ಹೌದು, ಆಪ್ತಸಲಹೆಯ ಕೇಂದ್ರವೂ ಹೌದು. ಯಾವ ಪ್ರವಾಸೋದ್ಯಮದ ನೆರಳಿನಲ್ಲಿ ಈ ಮಹಿಳೆಯರ ಶೋಷಣೆ ಬೆಳೆದಿತ್ತೋ ಅದೇ ಪ್ರವಾಸೋದ್ಯಮ ಗ್ರಾಹಕನಾಗಿ ಸಂಬಳ ಕೊಡಬೇಕಾಗಿ ಬಂದದ್ದರಲ್ಲಿ ಒಂದು ಬಗೆಯ ಲೆಕ್ಕ ಚುಕ್ತಾ ಕೂಡ ಇದೆ.

ಕಾನೂನಿನ ಚೌಕಟ್ಟೂ ಈ ನಡುವೆ ನಿಧಾನವಾಗಿ ಸಂತ್ರಸ್ತರತ್ತ ತಿರುಗಿತು. ದಂಡ ಪ್ರಕ್ರಿಯಾ ಸಂಹಿತೆಗೆ 2008ರ ತಿದ್ದುಪಡಿಯಲ್ಲಿ ಸೇರಿದ 357-ಎ ಕಲಮು, ಅಪರಾಧಿಗೆ ಶಿಕ್ಷೆಯಾಗಲಿ ಬಿಡಲಿ, ಹಾನಿಗೊಳಗಾದವರಿಗೆ ರಾಜ್ಯವೇ ಪರಿಹಾರ ಕೊಡುವ ಯೋಜನೆ ರೂಪಿಸಬೇಕೆಂದಿತು. ಗೋವಾ ತನ್ನ ಯೋಜನೆಯನ್ನು 2012ರಲ್ಲಿ ತಂದಿತು. ಮಾನವ ಸಾಗಣೆಯನ್ನು ವಿವರವಾಗಿ ವ್ಯಾಖ್ಯಾನಿಸುವ, ದಂಡ ಸಂಹಿತೆಯ 370ನೆಯ ಕಲಮು 2013ರಲ್ಲಿ ಬಂದಿತು. ವಯಸ್ಕ ಮಹಿಳೆ ಸ್ವಇಚ್ಛೆಯಿಂದ ಈ ವೃತ್ತಿಯಲ್ಲಿದ್ದರೆ ಆಕೆಯನ್ನು ಬಂಧಿಸಬಾರದು, ದಂಡಿಸಬಾರದು, ದಾಳಿಯಲ್ಲಿ ಪೀಡಿಸಬಾರದು ಎಂಬ ಸುಪ್ರೀಂ ಕೋರ್ಟಿನ ನಿರ್ದೇಶನ 2022ರ ಮೇ 19ರದು. ವೃತ್ತಿಯನ್ನೇ ಶೋಷಣೆಯೆಂದು ಕಾಣುವ ಸಂಸ್ಥೆಗಳಿಗೂ, ಅದನ್ನು ದುಡಿಮೆಯೆಂದು ಗುರುತಿಸಬೇಕೆನ್ನುವ ಮಹಿಳೆಯರ ಸಂಘಟನೆಗಳಿಗೂ ಇಲ್ಲಿ ತೀವ್ರ ಭಿನ್ನಾಭಿಪ್ರಾಯವಿದೆ; ಆದರೆ ಪೊಲೀಸು ಮಹಿಳೆಯನ್ನು ಆರೋಪಿಯಂತೆ ನಡೆಸಿಕೊಳ್ಳಬಾರದು ಎಂಬ ಅಂಶದಲ್ಲಿ ಎರಡೂ ಪಂಗಡಗಳು ಒಂದೇ ಕಡೆ ನಿಲ್ಲುತ್ತವೆ.

ಕನ್ನಡ ಮಾತನಾಡುವ ಸಾಕ್ಷಿಗಳ ಮಟ್ಟಿಗೆ ಭಾಷೆಯ ತೊಡಕು ಈ ಯಾವ ತಿದ್ದುಪಡಿಯಿಂದಲೂ ಪೂರ್ತಿ ನೀಗಿಲ್ಲ. ಗೋವಾದ ರಾಜ್ಯಭಾಷೆ ಕೊಂಕಣಿ, ಜೊತೆಗೆ ಮರಾಠಿಯ ಬಳಕೆಯುಂಟು, ನ್ಯಾಯಾಲಯದ ದಾಖಲೆ ಇಂಗ್ಲಿಷಿನದು. ಬಾಗಲಕೋಟೆಯ ಹಳ್ಳಿಯ ಹೆಣ್ಣುಮಗಳ ಮಾತು ಠಾಣೆಯಲ್ಲಿ ಹಿಂದಿಗೆ ತಿರುಗಿ, ಅಲ್ಲಿಂದ ಇಂಗ್ಲಿಷಿಗೆ ದಾಟುವಾಗ ದಿನಾಂಕ, ನಂಟು, ಹಣದ ಮೊತ್ತಗಳಂಥ ವಿವರಗಳು ಜಾರಿಹೋಗಬಲ್ಲವು, ಮತ್ತು ಪಾಟೀಸವಾಲಿನಲ್ಲಿ ಆಕೆಯನ್ನು ಸುಳ್ಳುಗಾರ್ತಿಯೆಂದು ತೋರಿಸಲು ಅಂಥ ಒಂದು ವ್ಯತ್ಯಾಸವೇ ಸಾಕು. ಸಾಧ್ಯವಾದರೆ ಸಾಕ್ಷ್ಯವನ್ನು ಸಾಕ್ಷಿಯ ಭಾಷೆಯಲ್ಲಿಯೇ ಬರೆದುಕೊಂಡು ಅನುವಾದವನ್ನು ಜೊತೆಗಿಡಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 277ನೆಯ ಕಲಮೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 312ನೆಯ ಕಲಮೂ ಹೇಳುತ್ತವೆ. ಅದಕ್ಕೆ ಬೇಕಾದ ದುಭಾಷಿಗಳನ್ನು ಒದಗಿಸುವುದು ಗೋವಾದ ಕನ್ನಡ ಸಂಘಗಳು ಸುಲಭವಾಗಿ ವಹಿಸಿಕೊಳ್ಳಬಹುದಾದ ಕೆಲಸ. ಈ ಸಂಘಗಳು ಬೈನಾದ ವಿಷಯದಲ್ಲಿ ದನಿಯೆತ್ತಿದ್ದು ಹೆಚ್ಚಾಗಿ ಮನೆಗಳ ಪ್ರಶ್ನೆಗೆ: 2017ರ ಸೆಪ್ಟೆಂಬರಿನಲ್ಲಿ ಬೈನಾದ ಕಡಲತಡಿಯ ಕನ್ನಡಿಗರ ಮನೆಗಳನ್ನು ಕೆಡವಿದಾಗ ವಿಷಯ ಎರಡು ರಾಜ್ಯಗಳ ಮುಖ್ಯಮಂತ್ರಿಗಳ ಮಟ್ಟಕ್ಕೂ ಹೋಯಿತು. ಹದಿಮೂರು ವರ್ಷ ಹಿಂದೆ ಗೂಡುಗಳು ಉರುಳಿದಾಗ ಅಂಥ ಗದ್ದಲ ಕರ್ನಾಟಕದಲ್ಲಿ ಎದ್ದಿರಲಿಲ್ಲ.

ರಕ್ಷಿತ ಮಹಿಳೆಯನ್ನು ತಂದೆತಾಯಿ, ಪೋಷಕ ಅಥವಾ ಗಂಡನ ವಶಕ್ಕೆ ಒಪ್ಪಿಸುವ ಮೊದಲು ಅವರ ಯೋಗ್ಯತೆ ಮತ್ತು ನೈಜತೆಯನ್ನು ಮಾನ್ಯತೆ ಪಡೆದ ಕಲ್ಯಾಣ ಸಂಸ್ಥೆಯೊಂದರ ವಿಚಾರಣೆಯ ಮೂಲಕ ದಂಡಾಧಿಕಾರಿ ಖಚಿತಪಡಿಸಿಕೊಳ್ಳಲು ಅನೈತಿಕ ವ್ಯವಹಾರ ಕಾಯ್ದೆಯ 17-ಎ ಕಲಮು ಅವಕಾಶ ಕೊಡುತ್ತದೆ. ಗೋವಾದ ನ್ಯಾಯಾಲಯ ಹೊರಡಿಸುವ ಈ ಆದೇಶ ಕಾರ್ಯರೂಪಕ್ಕೆ ಬರಬೇಕಾದದ್ದು ಘಟ್ಟದ ಮೇಲಿನ ಸವದತ್ತಿ, ಗೋಕಾಕ, ಜಮಖಂಡಿ, ಮುಧೋಳದಂಥ ತಾಲೂಕುಗಳಲ್ಲಿ. ಕಳಿಸಿದವರೇ ಕರೆದೊಯ್ಯಲು ಬಂದಿದ್ದಾರೆಯೇ, ಮನೆಯಲ್ಲಿ ಇನ್ನೊಬ್ಬ ಮಗಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿಸುವ ಸಿದ್ಧತೆ ನಡೆದಿದೆಯೇ ಎಂಬುದನ್ನು ಅಲ್ಲಿಯವರೇ ನೋಡಬಲ್ಲರು. ಮಾಜಿ ದೇವದಾಸಿಯರೇ ಸೇರಿ ಬೆಳಗಾವಿ ಜಿಲ್ಲೆಯಲ್ಲಿ 1997ರಲ್ಲಿ ನೋಂದಾಯಿಸಿಕೊಂಡ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯಂಥ ಸಂಘಟನೆಗಳು ಇರುವ ಕಡೆ ಆ ಊರುಗಳನ್ನೂ ಆ ಮನೆತನಗಳನ್ನೂ ಬಲ್ಲ ಕಣ್ಣುಗಳಿವೆ, ಅಂಥವು ಇಲ್ಲದ ತಾಲೂಕುಗಳಲ್ಲಿ ಗೋವಾದಿಂದ ಬಂದ ಕಡತಕ್ಕೆ ಉತ್ತರ ಬರೆಯುವುದು ತಾಲೂಕು ಕಚೇರಿಯ ಗುಮಾಸ್ತರ ಪಾಲಿಗೆ ಉಳಿಯುತ್ತದೆ.